ಮೊದಲು ವರ, ಆಮೇಲೆ ಅಳು

ಹೊಸನಗರದ ಟೆಂಟಿಗೆ ಆ ಹಳೆಯ ಭಕ್ತಿಚಿತ್ರ ಮತ್ತೆ ಬಂದಿದೆಯೆಂದು ಕೇಳಿದ ದಿನ ಸೀತಾರಾಮಪ್ಪನವರು ಸಂಜೆ ಮತ್ತೊಮ್ಮೆ ಮಿಂದು ವಿಭೂತಿ ಹಚ್ಚಿಕೊಂಡರು. ಹೆಂಡತಿ ವರದಮ್ಮ ತೀರಿಕೊಂಡು ಐದು ತಿಂಗಳು. ಅವರಿಗೆ ಇನ್ನೂ ಅಳು ಬಂದಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ತೀರ್ಥಹಳ್ಳಿಯಲ್ಲಿ ಗಂಡಹೆಂಡಿರು ಕೂಡಿ ನೋಡಿದ ಒಂದೇ ಒಂದು ಸಿನಿಮಾ ಅದು. ಅವಳ ಪಕ್ಕ ಕೂತಿದ್ದ ಆ ಸಂಜೆ ಇನ್ನೊಮ್ಮೆ ಸಿಕ್ಕರೆ ಸಾಕಿತ್ತು.

ಜೊತೆಗೆ ಬಂದವನು ವರದಮ್ಮನ ತಮ್ಮ ವಾಸಪ್ಪ. ಹೊಸ ಚಿತ್ರ ಬಂತೆಂದರೆ ಸಾಗರಕ್ಕೇ ಹೋಗಿ ನೋಡುವವನು.

"ಆಗಿನ ಸಿನಿಮಾದಲ್ಲಿ ಎಂತ ಇತ್ತು ಭಾವ? ಸತ್ತವನೂ ಎದ್ದು ಕೂತು ಒಂದು ಹಾಡು ಹೇಳಿ ಮತ್ತೆ ಸಾಯ್ತಿದ್ದ."

"ನಿನ್ನ ಹೊಸದರಲ್ಲಿ ಮರ ಸುತ್ತೋದು ಬಿಟ್ಟು ಎಂತ ಇದೆ ಮಾರಾಯ? ಅದಕ್ಕೆ ಟಿಕೇಟು ಬೇರೆ. ಮೇಗರವಳ್ಳಿ ಕಾಡಿಗೆ ಹೋಗು, ಪುಕ್ಕಟೆ."

ಟೆಂಟಿನ ಬಾಗಿಲಲ್ಲಿ ಸೀತಾರಾಮಪ್ಪ ಚಪ್ಪಲಿ ಬಿಟ್ಟರು. ಒಳಗೆ ತೆರೆಯ ಮೇಲೆ ಬರುವವನು ಶಿವ.

"ಕೈಯಲ್ಲಿ ಹಿಡ್ಕೊಳ್ಳಿ ಭಾವ. ದೇವರು ಚಪ್ಪಲಿ ಕಾಯಲ್ಲ."

ಚಿತ್ರ ಶುರುವಾಯಿತು. ಶಿವನ ಕೊರಳ ಹಾವು ರಬ್ಬರಿನದೆಂದು ಈಗ ಚೆನ್ನಾಗಿ ಕಾಣುತ್ತಿತ್ತು. ಅದನ್ನೂ ಅವರು ಸಹಿಸಿಕೊಂಡರು. ಆದರೆ ಅರ್ಧ ಕಳೆದರೂ ಶಿವ ವರ ಕೊಡಲು ಬರಲೇ ಇಲ್ಲ. ಸೌದೆ ಮಾರುವ ಭಕ್ತ ಅತ್ತೂ ಅತ್ತೂ ಸುಸ್ತಾದ ಮೇಲೆ, ಶಿವ ಕಟ್ಟಕಡೆಗೆ ಬಂದ. ವರ ಕೊಟ್ಟ. ಮಂಗಳ.

"ಇದು ಆ ಸಿನಿಮಾ ಅಲ್ಲ!" ಸೀತಾರಾಮಪ್ಪ ಎದ್ದು ನಿಂತರು. "ಶಿವ ನಡುವೆಯೇ ಬಂದು ವರ ಕೊಡ್ತಾನೆ. ಭಕ್ತ ಅಳೋದು ಆಮೇಲೆ. ಅಳ್ತಿರುವಾಗಲೇ ಮುಗೀತದೆ."

ವಾಸಪ್ಪ ಒಂದು ಕ್ಷಣ ಯೋಚಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. "ತೀರ್ಥಹಳ್ಳಿಯಲ್ಲಿ ಅವತ್ತು ರೀಲು ಅದಲುಬದಲು ಹಾಕಿದಾರೆ ಭಾವ! ಕೊನೇ ರೀಲು ನಡುವೆಯೇ ಬಂದಿದೆ. ನೀವಿಬ್ಬರೂ ಅದಕ್ಕೇ ಕೈಮುಗಿದು ಬಂದಿದೀರಿ!"

ಸೀತಾರಾಮಪ್ಪ ನಗಲಿಲ್ಲ. "ಅವತ್ತು ವಾಪಸು ಬರುವಾಗ ನಿಮ್ಮಕ್ಕ ಏನಂದಳು ಗೊತ್ತಾ? 'ನೋಡಿದ್ರಾ, ದೇವರು ವರ ಮೊದಲೇ ಕೊಟ್ಟುಬಿಡ್ತಾನೆ. ಅಳು ಆಮೇಲಿನದು. ಅಳುವಾಗ ಕೊಟ್ಟಿದ್ದನ್ನ ಮರೀಬಾರದು' ಅಂದಳು."

ವಾಸಪ್ಪನ ನಗು ನಿಂತಿತು. ಜನ ಕರಗಿದ ಮೇಲೆ ಭಾವನ ಪಕ್ಕಕ್ಕೆ ಬಂದು ನಿಂತ.

"ಹಂಗಾರೆ ನೀವು ನೋಡಿದ್ದೇ ಒಳ್ಳೇ ಸಿನಿಮಾ, ಭಾವ."

ಬಾಗಿಲಲ್ಲಿ ಚಪ್ಪಲಿ ಬಿಟ್ಟಲ್ಲೇ ಇತ್ತು. "ಕಾದಿದಾನೆ ನೋಡು" ಎಂದು ಮೆಟ್ಟಿಕೊಳ್ಳಲು ಬಗ್ಗಿದ ಸೀತಾರಾಮಪ್ಪನವರಿಗೆ ಐದು ತಿಂಗಳ ಅಳು ಒಟ್ಟಿಗೆ ಬಂತು. ವಾಸಪ್ಪ ಅವರ ತೋಳು ಹಿಡಿದುಕೊಂಡ.