ಮಳೆಮಾಪಕದ ಬಾಗಿಲು

ಬ್ಲೇಡಿನ ಮೂಲೆಯಿಂದ ಸುಕನ್ಯಾ ಬಾಗಿಲ ಮೇಲಿನ ಹಸಿರು ಬಣ್ಣ ಕೆರೆಯುತ್ತಲೇ ಇದ್ದಳು. ಬಣ್ಣ ಇನ್ನೂ ಹಸಿಯಾಗಿತ್ತು, ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಅದರ ಕೆಳಗೆ ಪೆನ್ಸಿಲ್ ಗುರುತು ಸಿಗಲಿಲ್ಲ. ಬೋಳು ಕಟ್ಟಿಗೆ ಸಿಕ್ಕಿತು.

"ಎಷ್ಟು ಕೆರದ್ರೂ ಏನೂ ಸಿಗಂಗಿಲ್ರಿ ಮೇಡಂ," ಎಂದ ಪೇಂಟರ್ ಅಯ್ಯಪ್ಪ, ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದುತ್ತ. "ಮೊದ್ಲ ಪಾಲಿಶ್ ಪೇಪರ್ ಹಚ್ಚಿ ತಿಕ್ಕೇನಿ. ಬಣ್ಣ ಛಲೋ ಕೂಡ್ಲಿ ಅಂತ."

"ಯಾರು ಹೇಳಿದ್ರು?"

"ಪಂಪಾಪತಿ ಸರ್. ನೀವು ಯಲಬುರ್ಗಾ ಬಸ್ ಹತ್ತಿದಮ್ಯಾಲೆ ಬಾ ಅಂದಿದ್ರು."

ಅವಳು ಬ್ಲೇಡು ಕೆಳಗಿಟ್ಟಳು.

ಹನುಮಸಾಗರದ ಶಾಲೆಯಲ್ಲಿ ಮಳೆಮಾಪಕದ ಸಾಮಾನು ಇಡುತ್ತಿದ್ದ ಕೋಣೆಯ ಬಾಗಿಲು ಅದು. ಆ ಶಾಲೆಯ ಜವಾನರಾಗಿದ್ದ ಮೆಹಬೂಬಸಾಬ ಮೂವತ್ತೊಂದು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ, ಅಂಗಳದ ಮಾಪಕದ ನೀರನ್ನು ಅಳೆದಿದ್ದರು. ರಜಿಸ್ಟರುಗಳೆಲ್ಲ ಗೆದ್ದಲಿಗೆ ಹೋದವು. ಪ್ರತಿ ತಿಂಗಳ ಮಳೆಯನ್ನು ಬಾಗಿಲ ಒಳಮೈಗೆ ಬಡಿಗರ ಪೆನ್ಸಿಲಿನಲ್ಲಿ ಬರೆದಿದ್ದರಲ್ಲ, ಅಷ್ಟೇ ಉಳಿದಿತ್ತು. ಕೆಳಗೆ, ಮೊಣಕಾಲಿನ ಎತ್ತರದಲ್ಲಿ, ಒಂದು ತಿಂಗಳಿಗೆ ಅಂಕಿಯೇ ಇರಲಿಲ್ಲ. 'ಹನ್ನೊಂದು ದಿನ ದವಾಖಾನಿ. ನಾ ನೋಡಿಲ್ಲ' ಎಂದಿತ್ತು.

ಆ ಸಾಲು ಓದಿಯೇ ಸುಕನ್ಯಾ ಬಾಗಿಲನ್ನು ತಾನು ಕೆಲಸ ಮಾಡುವ ಕೊಪ್ಪಳದ ಮ್ಯೂಸಿಯಂಗೆ ಕೇಳಿದ್ದು. "ಒಂದು ಅಕ್ಷರಾನೂ ಅಳಿಸಂಗಿಲ್ಲ ಕಾಕಾ," ಎಂದು ಮೆಹಬೂಬಸಾಬರಿಗೆ ಮಾತು ಕೊಟ್ಟಿದ್ದಳು. ಅದರ ಪಕ್ಕದಲ್ಲಿಡಲೆಂದೇ ನಿನ್ನೆ ಯಲಬುರ್ಗಾಕ್ಕೆ ಹೋಗಿ, ಕೆಟ್ಟು ನಿಂತಿದ್ದ ಯಂತ್ರಚಾಲಿತ ಮಳೆಮಾಪಕವೊಂದನ್ನು ತಂದಿದ್ದಳು. ಕ್ಯಾಮೆರಾವೂ ಅವಳ ಜೊತೆಗೇ ಹೋಗಿತ್ತು. ಬಾಗಿಲ ಫೋಟೋ ಫೋನಿನಲ್ಲಿ ಒಂದೇ ಇತ್ತು. ಅದರಲ್ಲಿ ಮೆಹಬೂಬಸಾಬ ಬಾಗಿಲಿಗೆ ಆತು ನಗುತ್ತಿದ್ದರು, ಅಂಕಿಗಳೆಲ್ಲ ಅವರ ಬೆನ್ನ ಹಿಂದೆ.

ನಾಲ್ಕು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಅವಳ ಕೈಯಿಂದ ಧೂಳೊರೆಸುವ ಬಟ್ಟೆ ಕಸಿದುಕೊಂಡವರು ಮ್ಯೂಸಿಯಂನ ಮುಖ್ಯಸ್ಥರಾದ ಇದೇ ಪಂಪಾಪತಿ. "ಒರಸಬ್ಯಾಡ. ಮೊದ್ಲ ಓದು," ಎಂದಿದ್ದರು. ಅವಳು ಕಲಿತದ್ದೆಲ್ಲ ಆ ಎರಡು ಮಾತಿನಿಂದ ಶುರುವಾಗಿತ್ತು.

ಅವರು ಈಗ ಒಳಗೆ ಬಂದರು, ಜೊತೆಗೆ ಮೆಹಬೂಬಸಾಬ. ನಾಳೆಯ ಪ್ರದರ್ಶನದ ಉದ್ಘಾಟನೆಗೆ ಒಂದು ದಿನ ಮೊದಲೇ ಬಂದಿದ್ದ ಮುದುಕರ ತಲೆಯ ಮೇಲೆ ಹೊಸ ಟೋಪಿಯಿತ್ತು.

"ಸರ್, ನಾ ಹೋಗೂದನ್ನ ಕಾದ್ರಿ," ಎಂದಳು ಸುಕನ್ಯಾ.

"ಇದ್ದಿದ್ರ ನೀ ಮಾಡಗೊಡತಿದ್ದಿಲ್ಲ." ಪಂಪಾಪತಿ ಅವಳತ್ತ ನೋಡಲಿಲ್ಲ. "ಮ್ಯೂಸಿಯಂ ಟ್ರಸ್ಟಿನವ್ರು ಬಂದಿದ್ರು. ಇದೇನ್ರಿ, ಹುಡುಗ್ರು ಗೀಚಿದ ಬಾಗ್ಲ ತಂದಿಟ್ಟೀರಿ ಅಂದ್ರು. ನಾ ಏನ್ ಮಾಡ್ಲಿ?"

"ಓದ್ರಿ ಅನ್ನಬೇಕಿತ್ತು."

ಮೆಹಬೂಬಸಾಬ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊಣಕಾಲಿನ ಎತ್ತರದ ಆ ಜಾಗಕ್ಕೆ ಬೆರಳಿಟ್ಟರು. ಬೆರಳು ಹಸಿರಾಯಿತು. ಅದನ್ನು ಧೋತರಕ್ಕೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ತಿರುಗಿದರು.

"ನೀವು ಎಲ್ಲಿದ್ರಿ ಮೇಡಂ?"

ಮೊನ್ನೆಯವರೆಗೆ ಅವಳನ್ನು ತಂಗಿ ಎನ್ನುತ್ತಿದ್ದರು.

ಪಂಪಾಪತಿ ಅಯ್ಯಪ್ಪನ ಕೈಯಿಂದ ಸಣ್ಣ ಬ್ರಷ್ಷು, ಬಿಳಿ ಬಣ್ಣದ ಡಬ್ಬಿ ತೆಗೆದುಕೊಂಡು ಮುದುಕರ ಮುಂದೆ ಹಿಡಿದರು. "ಸಾಬ್ರ, ನಿಮ್ಮ ಕೈಲೇ ಮತ್ತ ಬರದುಬಿಡ್ರಿ. ಮೊದ್ಲಕಿಂತ ಚಂದ ಕಾಣತೈತಿ. ಕೆಳಗ ನಿಮ್ಮ ಹೆಸರೂ ದೊಡ್ಡದಾಗಿ ಹಾಕಸ್ತೀನಿ."

"ಅಂಕಿ ನೆನಪಿಲ್ರಿ."

"ಅಂದಾಜು ಹಾಕ್ರಿ. ಅವತ್ತಿನ ಮಳಿ ಈಗ ಯಾರು ಅಳಿಯಾಕ ಬರ್ತಾರ?"

ಮೆಹಬೂಬಸಾಬ ಬ್ರಷ್ಷಿನ ತುದಿಯಲ್ಲಿ ತೂಗುತ್ತಿದ್ದ ಬಿಳಿ ಹನಿಯನ್ನು ನೋಡಿದರು. ಅದು ನೆಲಕ್ಕೆ ಬಿತ್ತು.

"ನಾ ಬರಿಯಂಗಿಲ್ಲ," ಎಂದರು.