ಕಾಯುವ ತಾಸು

ರಾಯಬಾಗದ ಆ ಪದವಿ ಕಾಲೇಜಿನಲ್ಲಿ ಶನಿವಾರದ ಕೊನೆಯ ತಾಸಿಗೆ ಚರ್ಚೆಯ ತಾಸು ಎಂದು ಹೆಸರು. ವೇಳಾಪಟ್ಟಿಯಲ್ಲಿ ಹೆಸರಿತ್ತೇ ಹೊರತು ಅಲ್ಲಿ ಚರ್ಚೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ವಾರವಿಡೀ ಹೇಳಿದ ಕಂಪ್ಯೂಟರ್ ಪಾಠವನ್ನು ಮತ್ತೊಮ್ಮೆ ಬರೆಸುವುದು, ಮಕ್ಕಳು ಬರೆದುಕೊಂಡು ಬಸ್ಸಿಗೆ ಓಡುವುದು, ಇಷ್ಟೇ ನಡೆದು ಬಂದ ಪದ್ಧತಿ.

ಕಾಗವಾಡದಿಂದ ಅತಿಥಿ ಉಪನ್ಯಾಸಕಿಯಾಗಿ ಬಂದ ಸರಿತಾ ಈ ಪದ್ಧತಿ ಮುರಿದಳು. ಒಂದು ಪ್ರಶ್ನೆ ಕೇಳಿ, ಚಾಕ್‌ಪೀಸ್ ಕೆಳಗಿಟ್ಟು, ಸುಮ್ಮನೆ ಕಾಯುತ್ತಿದ್ದಳು. ಸುಳಿವಿಲ್ಲ, ಗದರಿಕೆಯೂ ಇಲ್ಲ.

"ಉತ್ತರ ನಿಮ್ಮ ಹೊಟ್ಟ್ಯಾಗ ಐತಿ. ನಿಧಾನ ಬರಲಿ, ನಾ ಎಲ್ಲಿಗೂ ಹೋಗೂದಿಲ್ಲ," ಎನ್ನುತ್ತಿದ್ದಳು.

"ಮೇಡಂ ಮೀನ ಹಿಡಿಯಾಕ ನಿಂತ ಕೊಕ್ಕರಿ ಆಗ್ಯಾರ ನೋಡಲೇ," ಎಂದು ಹಿಂದಿನ ಬೆಂಚಿನವರು ನಕ್ಕರು. ನಗಲಿ ಬಿಡಿ. ಎರಡು ತಿಂಗಳಲ್ಲಿ ಆ ನಕ್ಕವರೇ ಎದ್ದುನಿಂತು ತಪ್ಪೋ ಸರಿಯೋ ಬಾಯಿ ಬಿಡತೊಡಗಿದ್ದರು.

ಬಾಯಿ ಬಿಡದೆ ಉಳಿದವಳು ಮಾಯಾ ಒಬ್ಬಳೇ. ಅಲಖನೂರಿನ ಕುರಿಗಾರರ ಮನೆಯ ಹುಡುಗಿ. ಹಾಜರಿಗೂ ಕೈ ಎತ್ತುತ್ತಿದ್ದಳೇ ವಿನಾ ದನಿ ಕೊಟ್ಟವಳಲ್ಲ. ಒಂದು ಶನಿವಾರ ಸರಿತಾ ಅವಳನ್ನೇ ಎಬ್ಬಿಸಿದಳು.

"ಪ್ರೋಗ್ರಾಮಿನಾಗ ಒಂದು ಫಂಕ್ಷನ್ ಒಂದ ಕೆಲಸಕ್ಕ ತನ್ನನ್ನ ತಾನ ಮತ್ತ ಮತ್ತ ಕರಕೋಂತ ಹೊಂಟೈತಿ. ಅದು ಎಲ್ಲಿ ನಿಂದರಬೇಕು ಮಾಯಾ?"

"ಹ... ಹ..." ಮಾಯಾಳ ಮಾತು ಅಲ್ಲೇ ತಡೆಯಿತು.

ಹುಡುಗಿಗೆ ತೊದಲು ಇದೆ ಎಂದು ಸರಿತಾಳಿಗೆ ತಿಳಿದದ್ದೇ ಆಗ. ಕೂರಿಸಿಬಿಡಬಹುದಿತ್ತು. ಆದರೆ ಅರ್ಧ ಮಾತಿನಲ್ಲಿ ಕೂರಿಸುವುದು ಇನ್ನೂ ದೊಡ್ಡ ಅವಮಾನವೆನಿಸಿ ಕಾದಳು. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು. ಹಿಂದೆ ಯಾರೋ ಕಿಸಕ್ಕೆಂದರು, ಬೆಂಚಿಗೆ ಬೆಂಚೇ ನಕ್ಕಿತು, ಗಂಟೆ ಹೊಡೆಯಿತು. ಮಾಯಾ ತಲೆ ತಗ್ಗಿಸಿ ಚೀಲ ಎತ್ತಿಕೊಂಡು ಹೋದಳು.

ಮರುವಾರ ಅವಳು ಬರಲಿಲ್ಲ. ಅದರ ಮರುವಾರವೂ ಇಲ್ಲ.

ವಿಭಾಗದ ಮುಖ್ಯಸ್ಥ ರಾವಸಾಹೇಬ ಸರ್ ಕೆಟ್ಟವರಲ್ಲ. ಚಹಾ ತರಿಸಿ ಮೆತ್ತಗೆ ಹೇಳಿದರು. "ಬಾವ್ಯಾಗ ಬಿದ್ದವರಿಗೆ ಹಗ್ಗ ಕೊಡ್ರಿ ಮೇಡಂ, ಈಸಾಕ ಕಲಸಾಕ ಹೋಗಬ್ಯಾಡ್ರಿ. ನೋಟ್ಸ್ ಬರಸ್ರಿ, ಪಾಸಾಗ್ಲಿ."

ಸರಿತಾಳ ಎದೆಯಲ್ಲಿ ಆ ನಗು ಇನ್ನೂ ಚುಚ್ಚುತ್ತಿತ್ತು. ಒಂದು ಹುಡುಗಿಯ ಓದನ್ನು ನನ್ನ ಹಟ ನುಂಗಿತು ಎಂದುಕೊಂಡಳು. ಹೋಗಿ ಕೇಳಬಹುದಿತ್ತಲ್ಲ! ಅಲಖನೂರೇನು ಏಳು ಸಮುದ್ರದಾಚೆ ಇತ್ತೇ? ಹಾಜರಿ ಪುಸ್ತಕದಲ್ಲಿ ಫೋನ್ ನಂಬರಿತ್ತು. ಆದರೆ 'ನಿಮ್ಮಿಂದಲೇ ಬಿಟ್ಟೆ' ಎಂಬ ಮಾತು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಕೇಳುವುದಕ್ಕಿಂತ ಬರೆಸುವುದು ಸುಲಭ. ಮುಂದಿನ ಶನಿವಾರದಿಂದ ಹಾಳೆಯ ಮೇಲಿನ ಕಣ್ಣು ತೆಗೆಯದೆ ಬರೆಸಿದಳು. ಮಕ್ಕಳು ಖುಷಿಪಟ್ಟರು. ವರ್ಷದ ಕೊನೆಗೆ ಅಭಿಪ್ರಾಯದ ಚೀಟಿಯಲ್ಲಿ ಎಲ್ಲರೂ 'ಉತ್ತಮ' ಎಂದು ಬರೆದರು.

ಫಲಿತಾಂಶ ಬಂದ ವಾರ, ರಾಯಬಾಗ ಬಸ್ ಸ್ಟ್ಯಾಂಡಿನಲ್ಲಿ, ಕುರಿಗಳ ಔಷಧದ ಬಾಟಲಿ ಹಿಡಿದು ಮಾಯಾ ಎದುರಾದಳು. ಜೊತೆಗೆ ಅವಳ ತಾಯಿ ಮಲಕವ್ವ.

ಸರಿತಾ ಪೀಠಿಕೆ ಹಾಕಲಿಲ್ಲ. "ನನ್ನ ಸಲುವಾಗಿ ಕಾಲೇಜ ಬಿಟ್ಟಿ. ತಪ್ಪಾತವ್ವ."

ಮಾಯಾ ಬೆರಗಾಗಿ ನೋಡಿದಳು. "ಇ... ಇಲ್ರಿ..."

"ನಾ ಹೇಳ್ತೀನಿ ತಡಿ ಬೇ," ಮಲಕವ್ವ ಮಾತು ಕಸಿದುಕೊಂಡಳು. "ಟಗರು ಗುದ್ದಿ ನನ್ನ ಕಾಲ ಮುರದಿತ್ರಿ. ಕುರಿ ಹಿಂದ ಇಕಿನ ಹೋಗಬೇಕಾತು. ಕಾಲ ಕೂಡಿದ ಮ್ಯಾಲ ಒಂದಿನ ಕಾಲೇಜಿಗೆ ಹೋದಾಕಿ, ಹಂಗ ತಿರುಗಿ ಬಂದ್ಳು. ಇನ್ನ ಹೋಗೂದಿಲ್ಲ ಅಂದ್ಳು."

"ಯಾಕ?"

ಮಲಕವ್ವ ಮತ್ತೆ ಬಾಯಿ ತೆರೆದಳು. ಸರಿತಾ ಕೈ ಎತ್ತಿ ತಡೆದು, ಮಾಯಾಳತ್ತ ತಿರುಗಿ ಕಾದಳು. ತಾನು ಹತ್ತಬೇಕಿದ್ದ ಕಾಗವಾಡದ ಬಸ್ಸು ಹಾರ್ನ್ ಹಾಕಿ ಹೊರಟಿತು. ಹೋಗಲಿ ಎಂದು ಬಿಟ್ಟಳು.

"ಉ... ಉತ್ತರ ತಗೊಂಡ ಬಂದಿದ್ನಿರಿ," ಎಂದಳು ಮಾಯಾ. "ದಿನಾ ಕುರಿ ಮುಂದ ನಿಂತು ಹ... ಹೇಳಿ ಹೇಳಿ ನೋಡಿದ್ನಿ. ಶನಿವಾರ ಬಾಗಲಾಗ ಬಂದು ನಿಂತ್ನಿ. ನೀವು ಬ... ಬರಸಾಕತ್ತಿದ್ರಿ. ತಲಿ ಎತ್ತಲಿಲ್ಲ. ಯಾರನ್ನೂ ಏನೂ ಕೇಳಲಿಲ್ಲ."

ಸರಿತಾ ಹೆಗಲ ಚೀಲ ಕೆಳಗಿಟ್ಟು ಮಾಯಾಳ ಹತ್ತಿರ ಬಂದಳು.

"ನನ್ನ ಮಾತ ಮುಗಿಯೂತನಕ ಯಾರೂ ನಿಂದರೂದಿಲ್ರಿ. ನೀವೊಬ್ರ ನಿಂತಿದ್ರಿ. ಅವತ್ತ ಅ... ಅವರು ನಕ್ರೂ ನೀವು ನಿಂತಿದ್ರಿ."

"ಆ ಉತ್ತರ ಈಗ ಹೇಳ್ತಿ?"

ಮಾಯಾ ಬಾಟಲಿಯನ್ನು ಎದೆಗೊತ್ತಿಕೊಂಡಳು. "ಒಂದ ಕುರಿ ಹಟ್ಟಿಯೊಳಗ ಬಿಟ್ಟು, ಉಳಿದದ್ದನ್ನ ಮತ್ತ ಹಂಗ ಎಣಸೂದು. ಮತ್ತ ಒಂದ ಬಿಟ್ಟು, ಉಳಿದದ್ದನ್ನ ಮತ್ತ ಹಂಗ. ಹ... ಹ... ಹೊರಗ ಒಂದೂ ಉಳೀಲಿಲ್ಲಂದ್ರ ನಿಂದರೂದು."

ಇಡೀ ವರ್ಷ ಇಷ್ಟು ಚೊಕ್ಕ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲ. ಸರಿತಾ ಅವಳ ಕೈ ಹಿಡಿದಳು. "ಮತ್ತ ಬಾ. ಫೀ ತುಂಬೂ ತಾರೀಖು ಇನ್ನೂ ಐತಿ. ನಾ ಸರ್‌ಗೆ ಹೇಳ್ತೀನಿ."

"ಎಲ್ಲಿ ಬರ್ತಾಳ್ರಿ," ಎಂದಳು ಮಲಕವ್ವ. "ಅಥಣಿ ಕಡೆ ಕೊಟ್ಟೀವಿ. ದೀಪಾವಳಿ ಮುಗಿದ ಮ್ಯಾಲ ಲಗ್ನ."

ಮಾಯಾ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಈ ಸಲ ಸರಿತಾ ಎಷ್ಟು ಹೊತ್ತು ಕಾದರೂ ಮಾತು ಬರಲಿಲ್ಲ.

ಹೊಸ ಶೈಕ್ಷಣಿಕ ವರ್ಷದ ಮೊದಲ ಶನಿವಾರ ಸರಿತಾ ತರಗತಿಗೆ ಹೋಗಿ ಅದೇ ಪ್ರಶ್ನೆ ಕೇಳಿದಳು. ಚಾಕ್‌ಪೀಸ್ ಕೆಳಗಿಟ್ಟಳು. ಮಕ್ಕಳು ಪೆನ್ನು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು.

"ಬರಸ್ರಿ ಮೇಡಂ," ಎಂದಿತು ಒಂದು ದನಿ.

ಅವಳು ಬರೆಸಲಿಲ್ಲ. ಗಂಟೆ ಹೊಡೆಯುವವರೆಗೂ ಬಾಗಿಲ ಕಡೆ ನೋಡುತ್ತ ನಿಂತಿದ್ದಳು.