ಮನೋರಮಾ ಜಬಲ್‌ಪುರಕ್ಕೆ ಹೋದಳೇ?

ರಾಧಾಬಾಯಿ ಹಿಂದಿ ಕಲಿತದ್ದು ನಾಸಿಕದಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಧಾರಾವಾಹಿಯಿಂದ. ಬ್ಯಾಂಕಿನಲ್ಲಿದ್ದ ಮಗ ಗುರುರಾಜನಿಗೆ ಬಾಗಲಕೋಟೆಯಿಂದ ಅಲ್ಲಿಗೆ ವರ್ಗವಾದಾಗ ‘ಪಾನಿ’, ‘ರೋಟಿ’ ಬಿಟ್ಟರೆ ಅವರಿಗೆ ಬೇರೆ ಶಬ್ದ ಬರುತ್ತಿರಲಿಲ್ಲ. ಎಂಬತ್ತೇಳರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ‘ಸಾಮನೇ ವಾಲೀ ಸೀಢಿ’ ಶುರುವಾಯಿತು. ಒಂದು ಬಾಡಿಗೆ ಮನೆ, ಎದುರಿಗೊಂದು ಮೆಟ್ಟಿಲು, ಆ ಮೆಟ್ಟಿಲ ಮೇಲೆ ಕೂತು ಮಾತಾಡುವ ಜನ, ಕತೆಯೆಂದರೆ ಅಷ್ಟೇ. ಗುಮಾಸ್ತ ಪ್ರಭಾಕರ್ ಬಾಬು ದಿನವೂ ಚಾಳೀಸು ಹುಡುಕುತ್ತಿದ್ದ. ಅವನ ಹೆಂಡತಿ ಅಕ್ಕಿ ಆರಿಸುತ್ತಲೇ ಓಣಿಯವರ ಜಗಳ ಬಿಡಿಸುತ್ತಿದ್ದಳು. ಮಗಳು ಮನೋರಮಾ ಟೈಪಿಂಗ್ ಪರೀಕ್ಷೆಗೆ ಕೂತಳು, ಫೇಲಾದಳು, ಮತ್ತೆ ಕೂತಳು. ಅವರೆಲ್ಲ ಎಷ್ಟು ಮಾತಾಡುತ್ತಿದ್ದರೆಂದರೆ ಮೂರು ತಿಂಗಳಲ್ಲಿ ರಾಧಾಬಾಯಿಗೆ ತರಕಾರಿಯವನ ಜೊತೆ ಹಿಂದಿಯಲ್ಲಿ ಚೌಕಾಶಿ ಮಾಡಲು ಬಂತು.

ಆ ಧಾರಾವಾಹಿಗೆ ಪ್ರಶಸ್ತಿಗಳೂ ಬಂದವು. ಕೊನೆಯ ಕಂತಿನಲ್ಲಿ ಮನೋರಮಾಗೆ ಜಬಲ್‌ಪುರದಿಂದ ನೌಕರಿಯ ಆದೇಶ ಬಂದಿತ್ತು. ಅವಳು ಅದನ್ನು ಅಪ್ಪನ ಕೈಗಿತ್ತಳು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಲ್ಲಿಗೇ ಮುಗಿಸಿಬಿಟ್ಟರು.

ಎರಡನೆಯ ಭಾಗ ಬಂದದ್ದು ತೊಂಬತ್ತೊಂದರಲ್ಲಿ. ಅಷ್ಟರಲ್ಲಿ ಗುರುರಾಜನಿಗೆ ಔರಂಗಾಬಾದಿಗೆ ವರ್ಗವಾಗಿತ್ತು. ಕೆಳಗಿನ ಮನೆಯಲ್ಲಿ ಬೀದರ್ ಕಡೆಯ ಪ್ರೇಮಾಬಾಯಿ ಇದ್ದಳು. ಅವಳ ಗಂಡ ವಿಶ್ವನಾಥಪ್ಪನದು ಬಟ್ಟೆ ಅಂಗಡಿ, ಒಬ್ಬಳೇ ಮಗಳು ಸರೋಜಿನಿ. ಮೊದಲ ಭಾಗವನ್ನು ಪ್ರೇಮಾಬಾಯಿಯೂ ಒಂದು ವಾರವೂ ಬಿಡದೆ ನೋಡಿದ್ದಳು. ಎರಡನೆಯ ಭಾಗ ಶುರುವಾಗುವ ಹಿಂದಿನ ಸೋಮವಾರ ಅವಳ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣು ಮೊದಲೇ ಮಂಜು. ಆರು ವಾರ ಕಪ್ಪು ಕನ್ನಡಕ ತೆಗೆಯಬಾರದು, ಟಿ.ವಿ. ಕಡೆ ಮುಖ ಹಾಕಬಾರದು ಎಂದು ಡಾಕ್ಟರು ಹೇಳಿದರು.

“ನೋಡೂದ್ ಏನದ್ರಿ ಅಕ್ಕಾರೆ, ಕೇಳಿದ್ರ ಆತು. ಹಿಂದಿ ನಂಗ ಛಲೋ ತಿಳೀತದ,” ಎಂದು ಪ್ರೇಮಾಬಾಯಿ ಭಾನುವಾರ ಗೋಡೆ ಹಿಡಿದು ಮೆಟ್ಟಿಲೇರಿ ಬಂದಳು. ಟಿ.ವಿ.ಗೆ ಬೆನ್ನು ಮಾಡಿ ಕೂತಳು.

ಶುರುವಾಯಿತು. ನಲ್ಲಿಯಿಂದ ಹನಿ ಬೀಳುವ ಸದ್ದು. ಎಲ್ಲೋ ಪಿಟೀಲು. ಬಹಳ ಹೊತ್ತು ಅಷ್ಟೇ.

“ಯಾರೂ ಮಾತಾಡ್ವಲ್ರಲ್ರಿ?”

“ಇನ್ನೂ ಶುರು ಆಗಲಿಕತ್ತದ, ತಡೀರಿ.”

“ಈಗೇನ್ ನಡದದ್ರಿ?”

“ಖುರ್ಚಿ ಅದ.”

“ಯಾರ್ ಕುಂತಾರ್ರಿ?”

“ಯಾರೂ ಇಲ್ಲ. ಖುರ್ಚಿ ಮ್ಯಾಲೆ ನೀಲಿ ಬೆಳಕ ಬಿದ್ದದ.”

ಪ್ರೇಮಾಬಾಯಿ ಬೆಳಕಿನ ಆಚೆ ಏನಾಗುವುದೋ ಎಂದು ಕಾದಳು. ಮನೋರಮಾ ಮೆಟ್ಟಿಲಿಳಿದಳು. ಮೆಟ್ಟಿಲಿಗೆ ಬಿಳಿ ಬಣ್ಣ ಬಳಿದಿದ್ದರು, ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪ್ರಭಾಕರ್ ಬಾಬುವಿನ ಅರ್ಧ ಮುಖ ಕಂಡಿತು, ಇನ್ನರ್ಧ ಕತ್ತಲು. ಹೆಂಡತಿ ಕಾಣಿಸಲೇ ಇಲ್ಲ. ಅವಳ ಬದಲು ತಂತಿಯ ಮೇಲೆ ಒಂದು ಒದ್ದೆ ಸೀರೆ, ನಾಲ್ಕು ನಿಮಿಷ.

ಮುಗಿದ ಮೇಲೆ ರಾಧಾಬಾಯಿ ಕಕ್ಕಾಬಿಕ್ಕಿಯಾಗಿ ಕೂತರು. ಸೊಸೆ ಅಲಕಾ, ಆ ಸೀರೆ ಎಂದರೆ ತಾಯಿ ಸತ್ತಿದ್ದಾಳೆಂದು ಅರ್ಥ ಎಂದಳು. ಗುರುರಾಜ, ಇಲ್ಲ, ಮನೆ ಬಿಟ್ಟು ಹೋಗಿದ್ದಾಳೆ ಎಂದ. ಪೇಪರಿನಲ್ಲಿ ಯಾರೋ ‘ಮೊದಲ ಭಾಗ ಕತೆಯಾಗಿತ್ತು, ಇದು ಕಾವ್ಯ’ ಎಂದು ಬರೆದದ್ದನ್ನೂ ಓದಿ ಹೇಳಿದ. ರಾಧಾಬಾಯಿಗೆ ಅಳುಕಾಯಿತು. ಓದಿದವರಿಗೆಲ್ಲ ತಿಳಿದದ್ದು ತನಗೆ ತಿಳಿಯುತ್ತಿಲ್ಲವೆಂದರೆ ತನ್ನ ಬುದ್ಧಿಯೇ ಮಂಕಾಗುತ್ತಿರಬೇಕು. ಕಲಿತ ಹಿಂದಿ ಸೋರಿಹೋಗುತ್ತಿದೆಯೋ ಏನೋ. ಆದರೆ ಯಾರೂ ಹಿಂದಿ ಆಡಲೇ ಇಲ್ಲವಲ್ಲ?

ಎರಡನೆಯ ವಾರ ಕನ್ನಡಿ, ಗಾಳಿ, ಮತ್ತೆ ಖುರ್ಚಿ. ಮೂರನೆಯ ವಾರ ಪ್ರೇಮಾಬಾಯಿಯ ಮುಖ ನೋಡಲಾಗಲಿಲ್ಲ. ಪಾಪ, ಒಂದೊಂದು ಸದ್ದಿಗೂ ಕತ್ತು ನಿಮಿರಿಸುತ್ತಿದ್ದಳು.

“ಅವರಪ್ಪ ಏನಂದಾ ಅಕ್ಕಾರೆ? ಹೂಂ ಅಂದ್ನೋ ಇಲ್ಲೋ?”

ಪರದೆಯ ಮೇಲೆ ಪ್ರಭಾಕರ್ ಬಾಬು ಕಿಟಕಿಗೆ ಮುಖ ಮಾಡಿ ನಿಂತಿದ್ದ, ಗೊಂಬೆಯ ಹಾಗೆ.

“ತಲಿ ಅಲ್ಲಾಡಿಸಿದ್ರು,” ಎಂದುಬಿಟ್ಟರು ರಾಧಾಬಾಯಿ. “ಹೂಂ ಅಂತ.”

ಪ್ರೇಮಾಬಾಯಿ ಎರಡೂ ಕೈ ತಟ್ಟಿದಳು. “ಒಪ್ಪಿದ್ನೇನ್ರಿ! ಅಂಥಾ ಹಠಮಾರಿ!” ಕಪ್ಪು ಕನ್ನಡಕದ ಕೆಳಗಿನಿಂದ ನೀರಿಳಿಯಿತು. ರಾಧಾಬಾಯಿ ಗಾಬರಿಯಾಗಿ, “ಅಳಬ್ಯಾಡ್ರಿ, ಕಣ್ಣಿಗೆ ತ್ರಾಸ ಆಗ್ತದ,” ಎಂದರು. ನಿಜ ಹೇಳುವ ಹೊತ್ತು ಅಲ್ಲಿಗೆ ದಾಟಿತು.

ಮುಂದಿನ ವಾರ ಮನೋರಮಾ ರೈಲು ಹತ್ತಿದಳು. ಅದರ ಮುಂದಿನ ವಾರ ಜಬಲ್‌ಪುರದಲ್ಲಿ ಕೋಣೆ ಹಿಡಿದಳು, ಮನೆಯೊಡತಿ ಜಗಳಗಂಟಿ, ನೀರು ಬೆಳಿಗ್ಗೆ ಒಂದೇ ತಾಸು. ಪರದೆಯ ಮೇಲೆ ಅವಳು ಅದೇ ಬಿಳಿ ಮೆಟ್ಟಿಲ ಮೇಲೆ ಹತ್ತಿ ಇಳಿದು ಮಾಡುತ್ತಿದ್ದಳು. ರಾಧಾಬಾಯಿಯ ಬಾಯಿಂದ ಮಾತ್ರ ಮಾತು ತಾನಾಗಿ ಬರುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಅವರು, “ತಾಯಿದು ಪತ್ರ ಬಂತಲ್ಲ, ಉಪ್ಪಿನಕಾಯಿ ಕಳಸ್ತೀನಿ ಅಂತ ಬರದಾಳ, ಪಾಪ,” ಎಂದರು.

ಅಲಕಾ ಬಡಿಸುವ ಕೈ ನಿಲ್ಲಿಸಿದಳು. “ಯಾವ ತಾಯಿ, ಅತ್ಯಾ?”

“ಮನೋರಮಾನ ತಾಯಿ.”

“ಅವ್ವಾ, ಯಾವ ಪತ್ರನೂ ಬಂದಿಲ್ಲ,” ಎಂದ ಗುರುರಾಜ ಮೆಲ್ಲಗೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೀಲಿ ಅಂತರ್ದೇಶೀಯ ಪತ್ರವನ್ನು, ಅದರ ಮೇಲಿನ ಓರೆ ಅಕ್ಷರಗಳನ್ನು ರಾಧಾಬಾಯಿ ಕಣ್ಣಾರೆ ಕಂಡಿದ್ದರು. ಎಲ್ಲಿ ಕಂಡದ್ದು? ಯಾವುದು ಟಿ.ವಿ.ಯದು, ಯಾವುದು ತನ್ನದು ಎಂದು ಎಷ್ಟು ಜಾಲಾಡಿದರೂ ಬೇರ್ಪಡಲಿಲ್ಲ.

ಈ ನಡುವೆ ಸರೋಜಿನಿಗೆ ನಾಸಿಕದ ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್ ಕೆಲಸವಾಗಿ ಅವಳು ಹೊರಟುಹೋದಳು. ತಮ್ಮ ಹಳೆಯ ಮನೆಯೊಡತಿಯ ವಿಳಾಸ ಕೊಟ್ಟದ್ದು ರಾಧಾಬಾಯಿಯೇ. ಅಪ್ಪ ಸಂತೋಷದಿಂದ ಕಳಿಸಿರಬೇಕು ಎಂದುಕೊಂಡಿದ್ದರು.

ಏಳನೆಯ ವಾರ ಪ್ರೇಮಾಬಾಯಿ ದಪ್ಪ ಗಾಜಿನ ಹೊಸ ಕನ್ನಡಕ ಹಾಕಿಕೊಂಡು ಬಂದು ಟಿ.ವಿ.ಗೆ ಎದುರಾಗಿ ಕೂತಳು. ಇವತ್ತು ಕರೆಂಟಾದರೂ ಹೋಗಬಾರದೇ ಎಂದು ರಾಧಾಬಾಯಿ ಹಾರೈಸಿದರು. ಹೋಗಲಿಲ್ಲ. ಮೂರು ಕನ್ನಡಿಗಳಲ್ಲಿ ಮೂವರು ಮನೋರಮಾ ಕಂಡರು, ಮೂವರೂ ಬಾಯಿ ತೆರೆದರು, ಸ್ವರ ಬರಲಿಲ್ಲ. ಅರ್ಧ ತಾಸು ಮುಗಿಯಿತು.

“ಇದು ಜಬಲ್‌ಪುರದ ಮನೀ ಏನ್ರಿ?” ಎಂದಳು ಪ್ರೇಮಾಬಾಯಿ.

“ಇಲ್ರಿ. ಆಕಿ ಹೋಗಿಲ್ಲ. ಹೋಗಿದ್ರೂ ಹೋಗಿರಬಹುದು, ನನಗ ತಿಳಿದಿಲ್ಲ. ಅವರು ಏನೂ ಹೇಳವಲ್ರು. ನಾನ ಹೇಳಿದೆ.”

“ಅಂದ್ರ ಅವರಪ್ಪ ಒಪ್ಪೇ ಇಲ್ಲ?”

“ಕಿಟಕಿ ಕಡೆ ನೋಡಿಕೋತ ನಿಂತಿದ್ರು.”

“ಏನ್ ಮಾಡ್ದ್ರಿ ಅಕ್ಕಾರೆ! ಸರೋಜಿನಿಗಿ ಆರ್ಡರ್ ಬಂದಾಗ ನಮ್ಮವ್ರು ಹಿಂಗೇ ಸುಮ್ಮ ಕುಂತಿದ್ರು. ಪ್ರಭಾಕರ್ ಬಾಬುನೇ ಒಪ್ಯಾನ, ನಿಮಗೇನ್ ಧಾಡಿ ಅಂತ ನಾ ದಿನಾ ಕಿವಿ ತಿಂದೆ. ಹಂಗಂತ ಮಗಳಿಗಿ ಕಳಿಸಿಬಿಟ್ಟೆನಲ್ರಿ!”

ಎದ್ದು ಹೋದವಳು ಮೂರು ದಿನ ಮೇಲೆ ಬರಲಿಲ್ಲ. ರಾಧಾಬಾಯಿಗೆ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ತಾವೇ ಕೆಳಗಿಳಿದು ಹೋದರು. “ನಡೀರಿ, ನಾಸಿಕಕ್ಕ ಹೋಗೋಣ. ಹುಡುಗಿ ಹ್ಯಾಂಗ ಇದ್ದಾಳ ನೋಡೋಣ. ಅಳಲಿಕತ್ತಿದ್ರ ಕರಕೊಂಡ ಬರೋಣ. ಅವರಪ್ಪಗ ತಪ್ಪು ನಂದು ಅಂತ ನಾನ ಹೇಳ್ತೀನಿ.”

ಬೆಳಗಿನ ಎಸ್.ಟಿ. ಬಸ್ಸು ಹಿಡಿದರು. ವೈಜಾಪುರ ದಾಟುವ ತನಕ ಪ್ರೇಮಾಬಾಯಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ದಾಟಿದ ಮೇಲೆ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ಕೊಟ್ಟಳು.

ನಾಸಿಕದ ಆ ಹಳೆಯ ಮನೆಯ ಜಗಲಿಯಲ್ಲಿ ಕಾದು ಕೂತಾಗ ಮಧ್ಯಾಹ್ನ ಎರಡೂವರೆಗೆ ಸರೋಜಿನಿ ಬಂದಳು. ಮೈ ಸ್ವಲ್ಪ ಇಳಿದಿತ್ತು. ಫೋನಿನಲ್ಲಿ ಕೂಗಿ ಕೂಗಿ ದನಿ ಒಡೆದಿತ್ತು.

“ಯಾರಿಗೇನಾತವ್ವಾ?” ಎಂದಳು ಮೊದಲು.

“ಯಾರಿಗೇನೂ ಆಗಿಲ್ಲ. ನೀ ಸುಖದಾಗ ಇದ್ದಿ ಏನ?”

ಸರೋಜಿನಿ ತುಸು ಯೋಚಿಸಿದಳು. “ಗೊತ್ತಿಲ್ಲವ್ವಾ. ಮೊದಲ್ನೇ ವಾರ ದಿನಾ ಅತ್ತೆ. ಈಗ ಟೈಮ್ ಸಿಗಂಗಿಲ್ಲ.”

ಪ್ರೇಮಾಬಾಯಿ ಎಲ್ಲವನ್ನೂ ಒಂದೇ ಉಸುರಿಗೆ ಹೇಳಿದಳು: ಮನೋರಮಾ, ಜಬಲ್‌ಪುರ, ತಲೆ ಅಲ್ಲಾಡಿಸದ ಪ್ರಭಾಕರ್ ಬಾಬು. ಹುಡುಗಿ ಒಂದೂ ತಿಳಿಯದೆ ಇಬ್ಬರನ್ನೂ ನೋಡಿದಳು.

“ಅಪ್ಪ ನೌಕರಿ ಜಾಮೀನು ಫಾರ್ಮಿಗಿ ಸಹಿ ಮಾಡಿ ನನ್ನ ಕೈಯಾಗ ಕೊಟ್ಟು ಭಾಳ ದಿನ ಆಗಿತ್ತಲ್ಲ,” ಎಂದಳು. “ನಿನ್ ಕಣ್ಣು ಆಪರೇಷನ್ ಆದ ವಾರನೇ. ಅವ್ವಗ ಹೇಳಬ್ಯಾಡ, ಅಳ್ತಾಳ, ಕಣ್ಣು ಕೆಡ್ತದ ಅಂದಿದ್ದ.”

ಪ್ರೇಮಾಬಾಯಿ ಜಗಲಿಯ ಅಂಚಿಗೆ ಕುಸಿದು ಕೂತಳು. ಹಾಗಾದರೆ ಆತ ಸುಮ್ಮನೆ ಕೂತದ್ದು ಏತಕ್ಕೆ? ಕಿವಿ ತಿನ್ನುವಾಗಲೆಲ್ಲ ಕೇಳಿಸಿಕೊಂಡದ್ದು ಏತಕ್ಕೆ? ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡ ಅವಳಿಗೆ ಆ ಕ್ಷಣ ಹೊಸಬನಾಗಿ ಕಂಡ. ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಅವಳು ಮಗಳ ಒಡೆದ ಹಿಮ್ಮಡಿ ನೋಡಿ, “ಚಪ್ಪಲಿ ಹಾಕ್ಕೋವಲ್ಲಿ ಏನ?” ಎಂದು ಬೈದಳು.

ರಾಧಾಬಾಯಿಯ ಎದೆಯ ಮೇಲಿನ ಭಾರ ಇಳಿಯಿತು. ತಾನು ಯಾರ ಮನೆಯನ್ನೂ ಕೆಡಿಸಿರಲಿಲ್ಲ. ಆದರೆ ಅದರ ಬೆನ್ನಿಗೇ ಸಣ್ಣದೊಂದು ನಿರಾಸೆ ಎದ್ದಿತು. ತಾನು ಕಟ್ಟಿದ ಕತೆಯಿಂದ ಏನೂ ಆಗಿರಲಿಲ್ಲವೇ? ಆಗಬಾರದು ಎಂದೇ ಅಲ್ಲವೇ ಇಷ್ಟು ದೂರ ಬಂದದ್ದು? ತಮ್ಮ ಮನಸ್ಸೇ ತಮಗೆ ಅರ್ಥವಾಗದೆ ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಸರೋಜಿನಿ ಅವಲಕ್ಕಿ ಹಚ್ಚಿ ಕೊಟ್ಟಳು, ಖಾರ ಜಾಸ್ತಿಯಾಗಿತ್ತು. ಮನೆಗೆ ಬಾ ಎಂದು ಪ್ರೇಮಾಬಾಯಿ ಕರೆಯಲಿಲ್ಲ, ಬರುತ್ತೇನೆಂದು ಅವಳೂ ಹೇಳಲಿಲ್ಲ. ನಾಲ್ಕರ ಬಸ್ಸಿಗೆ ಇಬ್ಬರನ್ನೂ ಹತ್ತಿಸಿ, ಬಸ್ಸು ಹೊರಡುವ ಮೊದಲೇ ಅವಸರವಾಗಿ ಹೊರಟಳು. ಯಾಕೆ ಅವಸರವೆಂದು ಹೇಳಲಿಲ್ಲ. ಪ್ರೇಮಾಬಾಯಿ ದಪ್ಪ ಗಾಜಿನೊಳಗಿನಿಂದ ಆ ಗದ್ದಲದಲ್ಲಿ ಮಗಳ ಬೆನ್ನನ್ನು ಹುಡುಕುತ್ತಿದ್ದಳು.

“ಯಾವ ಕಡಿ ಹೋದ್ಲ್ರಿ ಅಕ್ಕಾರೆ?”

ರಾಧಾಬಾಯಿ ಕಿಟಕಿಯಿಂದ ಬಗ್ಗಿ ನೋಡಿದರು. ಅವರಿಗೂ ಕಾಣಲಿಲ್ಲ. “ಕಾಣವಲ್ಲಳ್ರಿ,” ಎಂದರು.